0.35 ದೊಡ್ಡದಾ, 0.5 ದೊಡ್ಡದಾ?

ಹೋಂವರ್ಕ್ ಸರಣಿ, ಭಾಗ 6. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಟೈಟಲ್‌ನಲ್ಲಿರೋ ಪ್ರಶ್ನೆಗೆ ನಗ್ಬೇಡಿ. ಮನೇಲಿ ಐದನೇ ಕ್ಲಾಸಿನ ಮಗು ಇದ್ರೆ ಹೋಗಿ ಕೇಳಿ ನೋಡಿ. 0.35 ಅಂತ ಉತ್ತರ ಬಂದ್ರೆ ಬೈಬೇಡಿ. ಮೂವತ್ತೈದು ಐದಕ್ಕಿಂತ ದೊಡ್ಡದು ಅಂತ ನಾಲ್ಕು ವರ್ಷ ಕಲಿಸಿರೋದು ನಾವೇ. ಮಗು ಕಲಿತಿದ್ದನ್ನೇ ಹೇಳ್ತಿದೆ.

ನಮ್ಮ ಅಕ್ಕನ ಮಗಳೂ ಅದನ್ನೇ ಬರೆದಿದ್ಳು. ಹತ್ತು ಲೆಕ್ಕದಲ್ಲಿ ಏಳಕ್ಕೆ ಕೆಂಪು ಇಂಟು. ಅದು ನಂಗೆ ದೊಡ್ಡ ವಿಷಯ ಅನ್ನಿಸ್ಲಿಲ್ಲ. ಆಮೇಲೆ ಅವಳು ಹೇಳಿದ್ದು ಮಾತ್ರ ಚುಚ್ಚಿತು. "ಚಿಕ್ಕಿ, ನಂಗೆ ಗಣಿತ ಬರಲ್ಲ. ಅಮ್ಮಂಗೂ ಬರಲ್ಲ ಅಲ್ವಾ, ಅದಕ್ಕೆ." ಬದನೇಕಾಯಿ ಸೇರಲ್ಲ ಅನ್ನೋ ಅಷ್ಟು ಸಲೀಸಾಗಿ ಅಂದುಬಿಟ್ಳು. ಅಡುಗೆಮನೇಲಿದ್ದ ಅಕ್ಕಂಗೆ ಕೇಳಿಸ್ತು. ಏನೂ ಮಾತಾಡ್ಲಿಲ್ಲ. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೇ ಫೇಲಾಗಿ ಓದು ನಿಲ್ಲಿಸಿದವಳು. ಮಗಳು ಆ ಪುಸ್ತಕ ತೆಗೆದ್ರೆ ಸಾಕು, ಅಕ್ಕಂಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತೆ.

ತಪ್ಪಾದ ಏಳನ್ನೂ ಕೂತು ನೋಡ್ದೆ. ಒಂದೂ ಬೇಕಾಬಿಟ್ಟಿ ಬರೆದಿದ್ದಲ್ಲ, ಪ್ರತಿಯೊಂದರ ಹಿಂದೆಯೂ ಒಂದು ಯೋಚನೆ ಇತ್ತು. 0.45 + 0.3 ಎಷ್ಟು ಅಂದ್ರೆ 0.48. ಯಾಕೆ? ಇಷ್ಟು ದಿನ ಕೂಡುವಾಗ ಬಲಗಡೆ ಸಾಲು ಮಾಡಿ ಬರೀತಿದ್ಳು, ಇಲ್ಲೂ ಹಾಗೇ ಬರೆದು 5ರ ಕೆಳಗೆ 3 ಇಟ್ಟಿದ್ಳು. ಚುಕ್ಕಿ ಕೆಳಗೆ ಚುಕ್ಕಿ ಬರ್ಬೇಕು, ಆಗ 4ರ ಕೆಳಗೆ 3 ಬಂದು 0.75 ಆಗುತ್ತೆ.

ಇನ್ನೊಂದು ಮಜಾ ಇದೆ. ಅವಳಿಗೆ ಕ್ರಿಕೆಟ್ ಹುಚ್ಚು. 4.5 ಓವರ್ ಆದ್ಮೇಲೆ ಒಂದು ಬಾಲ್ ಹಾಕಿದ್ರೆ 5 ಓವರ್. ಅವಳ ಪ್ರಕಾರ ಚುಕ್ಕಿ ಆದ್ಮೇಲೆ ಆರಕ್ಕೆ ಆಟ ಮುಗೀತು! ಟಿವಿಯ ಚುಕ್ಕಿಯೂ ಪುಸ್ತಕದ ಚುಕ್ಕಿಯೂ ನೋಡೋಕೆ ಒಂದೇ, ಕೆಲಸ ಬೇರೆ. 4.3 ಓವರ್ ಅಂದ್ರೆ ಲೆಕ್ಕದಲ್ಲಿ ನಾಲ್ಕೂವರೆ, ಅಂದ್ರೆ 4.5. ಇದನ್ನ ಯಾರೂ ಅವಳಿಗೆ ಬಿಡಿಸಿ ಹೇಳಿರ್ಲಿಲ್ಲ.

ಪುಸ್ತಕದಲ್ಲಿ ರೂಪಾಯಿ-ಪೈಸೆ ಉದಾಹರಣೆ ಇದೆ. ನಮ್ಮ ತಾತಂಗೆ ಅದು ಸರಿ. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ನೂರು ನಯಾಪೈಸೆ ಆಯ್ತು. ಅದಕ್ಕೆ ಮುಂಚೆ ಹದಿನಾರಾಣೆ. (ಹದಿನಾರಾಣೆ ನಿಜ ಅಂತೀವಲ್ಲ, ಆ ಆಣೆನೇ.) ಈ ಮಗುಗೆ ಪೈಸೆ ಏನು ಗೊತ್ತು? 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ ಕೊನೇಲೇ ಚಲಾವಣೆಯಿಂದ ಹೋದ್ವು, ಅವಳು ಹುಟ್ಟೋಕ್ಕೂ ಮುಂಚೆ. ಕಣ್ಣಲ್ಲೇ ನೋಡದ ಪೈಸೆ ತೋರ್ಸಿ ದಶಮಾಂಶ ಕಲಿಸ್ತೀವಿ ಅನ್ನೋದು ನನ್ನ ಪ್ರಕಾರ ತಮಾಷೆ.

ಹಾಗಾಗಿ ಎದ್ದು ಅಂಗಡಿಗೆ ಕರ್ಕೊಂಡು ಹೋದೆ. ದೂರ ಏನಿಲ್ಲ, ಮನೆ ಮುಂದೆನೇ ಅಕ್ಕನ ತರಕಾರಿ ಅಂಗಡಿ. ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಬೀನ್ಸ್ ಹಾಕ್ತಾ ಹೋದ್ವಿ. 0.350 ಬಂತು. ಇನ್ನೂ ಹಾಕಿದ್ವಿ, 0.500. ತಕ್ಕಡಿ ಯಾವಾಗ್ಲೂ ಚುಕ್ಕಿ ಆದ್ಮೇಲೆ ಮೂರು ಅಂಕಿ ತೋರ್ಸುತ್ತೆ ನೋಡಿ, ಹೋಲಿಸೋಕೆ ಅದೇ ಅನುಕೂಲ. ಸೊನ್ನೆ ಸೇರಿಸಿ ಅಂಕಿ ಸಮ ಮಾಡಿದ್ರೆ ಯಾವುದು ದೊಡ್ಡದು ಅಂತ ತಾನೇ ಕಾಣುತ್ತೆ.

ಮಗಳು ಇನ್ನೂ ಗುರಾಯಿಸ್ತಿದ್ಳು. ಆಗ ಅಕ್ಕ ಹೊರಗೆ ಬಂದು ಅಂದಿದ್ದು: "ಅರ್ಧ ಕೆಜಿ ಅಂದ್ರೆ ಐನೂರು ಕಣೇ. ಮುನ್ನೂರೈವತ್ತು ಕೊಟ್ಟು ಅದೇ ಜಾಸ್ತಿ ಅಂದ್ರೆ ಗಿರಾಕಿ ಸುಮ್ನೆ ಬಿಡ್ತಾರಾ?"

ನಾನು ಬಾಯಿ ಮುಚ್ಕೊಂಡು ನಿಂತೆ. ದಿನಕ್ಕೆ ನೂರು ಸಲ ಆ ಕೆಂಪು ಅಂಕಿ ಓದಿ, ರೇಟಿಗೆ ಗುಣಿಸಿ, ಚಿಲ್ಲರೆ ಕೊಡೋಳು ಅವಳು. ಅದನ್ನ ಗಣಿತ ಅಂತ ಅವಳೂ ಅಂದ್ಕೊಂಡಿಲ್ಲ, ಮಗಳೂ ಅಂದ್ಕೊಂಡಿಲ್ಲ.

ತಕ್ಕಡಿ ಒಂದನ್ನೇ ನಂಬ್ಕೊಂಡ್ರೂ ಕಷ್ಟ. ಐನೂರು, ಮುನ್ನೂರೈವತ್ತು ಅಂತ ಗ್ರಾಂ ಲೆಕ್ಕದಲ್ಲೇ ಓದ್ತಾ ಹೋದ್ರೆ ಚುಕ್ಕಿ ಯಾಕಿದೆ ಅನ್ನೋದು ಮರೆತೇ ಹೋಗುತ್ತೆ. ಅದಕ್ಕೆ ರಾತ್ರಿ ಚೌಕುಳಿ ಹಾಳೆ ತಗೊಂಡು ಹತ್ತು ಸಾಲು, ಸಾಲಿಗೆ ಹತ್ತು ಮನೆ ಹಾಕಿದ್ವಿ. ಇಡೀ ಚೌಕ ಒಂದು. ಒಂದು ಸಾಲು 0.1, ಒಂದು ಮನೆ 0.01. 0.5 ಅಂದ್ರೆ ಐದು ಸಾಲಿಗೂ ಬಣ್ಣ. 0.35 ಅಂದ್ರೆ ಮೂರು ಸಾಲು, ಮೇಲೆ ಐದು ಮನೆ. ಇಷ್ಟಾದ್ಮೇಲೆ 0.5 ಮತ್ತು 0.50 ಯಾಕೆ ಒಂದೇ ಅಂತ ನಾನು ಹೇಳ್ಬೇಕಾಗ್ಲೇ ಇಲ್ಲ. ಇನ್ನೊಂದು ಸಣ್ಣ ವಿಷಯ, ಓದುವಾಗ "ಪಾಯಿಂಟ್ ಮೂವತ್ತೈದು" ಅನ್ಬೇಡಿ, "ಪಾಯಿಂಟ್ ಮೂರು ಐದು" ಅನ್ನಿ. ಅರ್ಧ ಗೊಂದಲ ಆ ಮೂವತ್ತೈದರಿಂದಲೇ ಬರೋದು.

ಕೊನೇ ಲೆಕ್ಕ 0.5 × 0.5. ಉತ್ತರ 0.25 ಅಂದಿದ್ದಕ್ಕೆ ಜಗಳಕ್ಕೇ ಬಂದ್ಳು. "ಗುಣಿಸಿದ್ರೆ ಜಾಸ್ತಿ ಆಗ್ಬೇಕಲ್ವಾ ಚಿಕ್ಕಿ?" ನಾನು ಮತ್ತೆ ಹಾಳೆ ಹುಡುಕ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ, "ಅರ್ಧದಲ್ಲಿ ಅರ್ಧ ಕಾಲು ಕಣೇ. 0.250."

ಮಗಳು ಪೆನ್ಸಿಲ್ ಕೆಳಗಿಟ್ಟು, "ಅಮ್ಮಾ, ನಿಂಗೆ ಹೇಗೆ ಗೊತ್ತು?"

"ಕಾಲು ಕೆಜಿ ಬೆಳ್ಳುಳ್ಳಿ ಹಾಕು ಅಂತಾರೆ, ಹಾಕಿದ್ಮೇಲೆ ಅಯ್ಯೋ ಅದ್ರಲ್ಲಿ ಅರ್ಧ ಸಾಕಮ್ಮ ಅಂತಾರೆ. ದಿನಾ ಇದೇ. ಅದೆಷ್ಟಾಯ್ತು, ನೀನೇ ಬರಿ ನೋಡೋಣ."

ಟೀಚರ್ ಕೊಟ್ಟ ಹೋಂವರ್ಕ್‌ನಲ್ಲಿ ಈ ಲೆಕ್ಕ ಇಲ್ಲ. ಬರೀತಿದ್ದಾಳೆ. ಅಕ್ಕ ಒಲೆ ಸಣ್ಣ ಮಾಡಿ ಬಂದು ಪಕ್ಕದಲ್ಲಿ ಕೂತಿದ್ದಾಳೆ.