ದ್ವಾರಕಾನಗರದಿಂದ ಗವರ್ನರ್‌ಪೇಟೆಗೆ

ವಿಶಾಖಪಟ್ಟಣದಲ್ಲಿ ಕಂಪ್ಯೂಟರಿಗೆ ಮೊದಲ ಶತ್ರು ಕಡಲಗಾಳಿ. ಬೀಚ್ ರೋಡಿನ ಆಸುಪಾಸಿನಿಂದಲೋ ಎಂವಿಪಿ ಕಾಲೊನಿಯಿಂದಲೋ ಬಂದ ಸಿಪಿಯು ಡಬ್ಬ ಬಿಚ್ಚಿದರೆ ಸಾಕು, ಉಪ್ಪಿನ ತೇವ ಎಲ್ಲೆಲ್ಲಿ ಕೂತಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ರ್‍ಯಾಮಿನ ಹೊಂಬಣ್ಣದ ಅಂಚು ಮಂಕಾಗಿರುತ್ತಿತ್ತು, ಸ್ಕ್ರೂಗಳಿಗೆ ತುಕ್ಕು ಹಿಡಿದಿರುತ್ತಿತ್ತು, ಮದರ್‌ಬೋರ್ಡಿನ ಮೂಲೆಯಲ್ಲಿ ಹಸಿರು ಕಿಲುಬು. ಶಾಲೆ ಮಕ್ಕಳ ರಬ್ಬರಿನಿಂದ ರ್‍ಯಾಮನ್ನು ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಬೀಪ್ ಎಂದು ಎದ್ದುಬಿಡುತ್ತಿದ್ದವು. ವಿಜಯವಾಡದ ಕಾಯಿಲೆ ಬೇರೆ. ಅಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಫ್ಯಾನಿನ ರೆಕ್ಕೆಗೆ ಧೂಳು ಮೆತ್ತಿಕೊಂಡು, ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಸುಟ್ಟ ವಾಸನೆಯ ಜೊತೆಗೇ ಡಬ್ಬಗಳು ಅಂಗಡಿಗೆ ಬರುತ್ತಿದ್ದವು. ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರೆ ಈ ಎರಡು ಊರುಗಳ ನಡುವೆ ಸುಮಾರು 350 ಕಿಲೋಮೀಟರ್, ಆರು ತಾಸಿನ ಹಾದಿ. ಎರಡೂ ಕಡೆ ನಾನು ರಿಪೇರಿ ಮಾಡಿಕೊಂಡು ಬದುಕಿದವನು. ಆ ಡಬ್ಬ ಜನರ ಮನೆಗಳಿಂದ ಮೆಲ್ಲಗೆ ಹೊರಬಿದ್ದದ್ದನ್ನೂ ಅದರ ಜಾಗಕ್ಕೆ ಫೋನು ಬಂದದ್ದನ್ನೂ ಕೌಂಟರಿನ ಈಚೆ ಕೂತು ನೋಡಿದ್ದೇನೆ.

ಬಳ್ಳಾರಿಯವನಾದ ನನಗೆ ತೆಲುಗು ಪರಭಾಷೆ ಅಲ್ಲ, ಓಣಿಯಲ್ಲಿ ಆಡಿಕೊಂಡೇ ಬೆಳೆದದ್ದು. ಹಾರ್ಡ್‌ವೇರ್ ಕೋರ್ಸ್ ಮುಗಿಸಿ, ಸಂಬಂಧಿಕರೊಬ್ಬರ ಮಾತಿನ ಮೇಲೆ ವಿಶಾಖಕ್ಕೆ ಹೋದಾಗ ಎರಡು ಸಾವಿರದ ಇಸವಿ ಸಮೀಪಿಸಿತ್ತು. ಆರ್‌ಟಿಸಿ ಕಾಂಪ್ಲೆಕ್ಸಿಗೆ ಹತ್ತಿರದ ದ್ವಾರಕಾನಗರದಲ್ಲಿ ಕೆಲಸ. ಮೇಲಿನ ಮಹಡಿಗಳಲ್ಲಿ ಸಿ, ಜಾವಾ, ಒರಾಕಲ್ ಎಂದು ಬರೆದ ಕೋಚಿಂಗ್ ಸೆಂಟರುಗಳ ಬೋರ್ಡು, ಕೆಳಗೆ ಕಂಪ್ಯೂಟರ್ ಅಂಗಡಿಗಳು. ಕಂಪನಿ ಮಾಡಿದ ಕಂಪ್ಯೂಟರ್ ಕೊಳ್ಳುವವರು ಕಡಿಮೆ. ಹೆಚ್ಚಿನವರಿಗೆ ಬೇಕಾದದ್ದು ಅಸೆಂಬಲ್ಡ್. ಸ್ಟೀಲ್ ಪ್ಲಾಂಟಿನ ನೌಕರರು, ಪೋರ್ಟಿನವರು, ನೇವಿಯವರು ಮೂವತ್ತು ನಲವತ್ತು ಸಾವಿರ ಸಾಲ ಮಾಡಿಯಾದರೂ ಮಗನಿಗೊಂದು ಕಂಪ್ಯೂಟರ್ ಕೊಡಿಸುತ್ತಿದ್ದರು. ಯಾವ ಪ್ರೊಸೆಸರ್, ಎಷ್ಟು ಎಂಬಿ ರ್‍ಯಾಮ್ ಎಂದು ಚೀಟಿಯಲ್ಲಿ ಬರೆದುಕೊಂಡೇ ಬರುವರು. ಡಬ್ಬವನ್ನು ಅವರೆದುರಿಗೇ ಜೋಡಿಸಿ ತೋರಿಸುತ್ತಿದ್ದೆವು.

ಮನೆಗೆ ತಲುಪಿಸಲು ಹೋದಾಗ ಅಲ್ಲಿ ಕಾಣುತ್ತಿದ್ದ ಸಂಭ್ರಮ ನನಗೆ ಇವತ್ತಿಗೂ ಇಷ್ಟ. ನಡುಮನೆಯ ಒಂದು ಮೂಲೆ ಖಾಲಿ ಮಾಡಿ, ಹೊಸ ಟೇಬಲ್ ತಂದಿಟ್ಟಿರುತ್ತಿದ್ದರು. ಮಾನಿಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಸ್ವಿಚ್ ಹಾಕಲು ಹೇಳುವರು. ವಿಂಡೋಸ್ 98ರ ಆ ಶುರುವಿನ ಸದ್ದು ಕೇಳಿಬಂದೊಡನೆ ಪಕ್ಕದ ಮನೆಯವರೂ ಬಾಗಿಲಿಗೆ ಬರುತ್ತಿದ್ದರು. ಕೆಲಸ ಮುಗಿದ ಮೇಲೆ ಹೊದಿಸಲೆಂದು ಬಟ್ಟೆಯ ಕವರ್ ಹೊಲಿಸಿಟ್ಟಿರುತ್ತಿದ್ದರು. ಅದು ಇಡೀ ಮನೆಯ ಆಸ್ತಿ. ಮಗ ಪ್ರೋಗ್ರಾಮ್ ಬರೆಯುವಾಗ ತಂದೆ ಹಿಂದೆ ನಿಂತು ನೋಡುವರು, ಮಗಳು ತನ್ನ ಸರದಿಗೆ ಕಾಯುವಳು, ಯಾರು ಏನು ಮಾಡುತ್ತಿದ್ದಾರೆಂದು ಎಲ್ಲರಿಗೂ ತಿಳಿದಿರುತ್ತಿತ್ತು.

ಆದರೆ ಈ ಸಂಭ್ರಮ ಎಷ್ಟು ಮನೆಗಳಲ್ಲಿತ್ತು ಎಂದು ಕೇಳಿಕೊಂಡರೆ ಉತ್ತರ ಸಣ್ಣದು. ಉಳಿದವರಿಗೆಲ್ಲ ನೆಟ್ ಸೆಂಟರೇ ಗತಿ. ದೇಶದ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ನಮ್ಮ ಯಜಮಾನರು ಅಂಗಡಿಯ ಹಿಂಭಾಗದಲ್ಲಿ ಕೆಲವು ಕಂಪ್ಯೂಟರ್ ಇಟ್ಟು ನೆಟ್ ಸೆಂಟರ್ ತೆರೆದಾಗ ಅಷ್ಟಕ್ಕೂ ಸೇರಿ ಒಂದೇ ಡಯಲಪ್ ಮೋಡೆಮ್. ಅದರ ವೇಗ ಕಾಗದದ ಮೇಲೆ 56 ಕೆಬಿಪಿಎಸ್. ಫೋಟೊ ಮೇಲಿನಿಂದ ಒಂದೊಂದೇ ಗೆರೆಯಾಗಿ ಮೂಡುತ್ತಿತ್ತು, ಗಿರಾಕಿಗಳು ತಾಳ್ಮೆಯಿಂದ ಕಾಯುತ್ತಿದ್ದರು. ಗಂಟೆಗೆ ಅರವತ್ತು ರೂಪಾಯಿಯಿದ್ದ ಬೆಲೆ ಮೂವತ್ತಾಗಿ, ಇಪ್ಪತ್ತಾಗಿ, 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಹತ್ತಕ್ಕೆ ಇಳಿಯಿತು.

ಭಾನುವಾರ ಬೆಳಗ್ಗೆ ಬರುತ್ತಿದ್ದ ತಾಯಂದಿರನ್ನು ಹೇಗೆ ಮರೆಯಲಿ? ಮಗ ಅಮೆರಿಕದಲ್ಲಿ, ಅಲ್ಲಿ ಶನಿವಾರ ರಾತ್ರಿ. ಜರಿಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದು ವೆಬ್‌ಕ್ಯಾಮ್ ಇದ್ದ ಕುರ್ಚಿಯಲ್ಲಿ ಕೂರುವರು. ಹೆಡ್‌ಫೋನ್ ಹಾಕುವುದು, ಯಾಹೂ ಮೆಸೆಂಜರ್ ತೆರೆಯುವುದು, ಮೈಕನ್ನು ಬಾಯಿಯ ಹತ್ತಿರ ತರುವುದು, ಎಲ್ಲ ನನ್ನ ಕೆಲಸ. “ಬಾಬೂ, ಅವನು ಬಡವಾಗಿದ್ದಾನಲ್ಲವಾ?” ಎಂದು ನನ್ನನ್ನೇ ಕೇಳುವರು. ಚುಕ್ಕಿ ಚುಕ್ಕಿಯಾದ ಆ ಮುಖದಲ್ಲಿ ಬಡವಾದದ್ದು ನನಗೆಲ್ಲಿ ಕಾಣಬೇಕು? “ಚೆನ್ನಾಗಿದ್ದಾರೆ ಅಮ್ಮಾ” ಎನ್ನುತ್ತಿದ್ದೆ. ತಾಯಿ-ಮಗನ ಮಾತಿನ ನಡುವೆ ಹೊರಗಿನವನೊಬ್ಬ ಹೀಗೆ ನಿಂತಿರುವುದು ಆಗ ಯಾರಿಗೂ ವಿಚಿತ್ರವೆನಿಸಲಿಲ್ಲ. ಯಂತ್ರ ಬಲ್ಲವನೊಬ್ಬ ಪಕ್ಕದಲ್ಲಿ ಇರಲೇಬೇಕಿತ್ತು.

ಇಂಟರ್, ಅಂದರೆ ನಮ್ಮ ಪಿಯುಸಿ, ಫಲಿತಾಂಶದ ದಿನವಂತೂ ಜಾತ್ರೆ. ಹಾಲ್ ಟಿಕೆಟ್ ನಂಬರನ್ನು ಅಂಗೈಯಲ್ಲಿ ಬರೆದುಕೊಂಡ ಮಕ್ಕಳು ಮೆಟ್ಟಿಲ ತನಕ ಸಾಲು ನಿಲ್ಲುತ್ತಿದ್ದರು. ಸರ್ವರ್ ಸಿಗುತ್ತಿರಲಿಲ್ಲ. ಸಿಕ್ಕಾಗ ಮೊದಲು ಅಂಕ ಕಾಣುತ್ತಿದ್ದವನು ನಾನು, ಆ ಮಗು ಆಮೇಲೆ. ಹೇಳುವ ಮುನ್ನ ಅದರ ಮುಖ ನೋಡುವುದು ಕಷ್ಟವಾಗುತ್ತಿತ್ತು.

ನನ್ನ ಪಾಲಿನ ಇಂಟರ್‌ನೆಟ್ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಸಿಗುತ್ತಿತ್ತು. ಕನ್ನಡ ಪತ್ರಿಕೆ ಓದಬೇಕೆಂದರೆ ಆಗ ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಊರಿಗೆ ಕಾಗದ ಬರೆಯಲು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಹಾಕಿಕೊಂಡಿದ್ದೆ. ಕಡಲ ದಂಡೆಯ ಆ ಊರಿನಲ್ಲಿ ಬಳ್ಳಾರಿ ಜಿಲ್ಲೆಯ ಸುದ್ದಿಯನ್ನು ಕನ್ನಡ ಅಕ್ಷರದಲ್ಲಿ ಓದಿ ಮಲಗಿದ ರಾತ್ರಿ ಊರು ಹತ್ತಿರವಾದಂತೆ ಇರುತ್ತಿತ್ತು.

ಬದಲಾವಣೆ ನಮ್ಮ ಅಂಗಡಿಗೆ ಮೊದಲು ಕಾಲಿಟ್ಟದ್ದು ಮೆಮೊರಿ ಕಾರ್ಡಿನ ರೂಪದಲ್ಲಿ. 2008ರ ಸುಮಾರಿಗೆ ಆಟೊ ಚಾಲಕರು, ಬಂದರಿನ ಕೂಲಿಗಳು, ಹೋಟೆಲ್ ಹುಡುಗರು ಉಗುರಿನಷ್ಟು ಅಗಲದ ಕಾರ್ಡ್ ತಂದು “ಅಣ್ಣಾ, ಹಾಡು ತುಂಬಿಕೊಡಿ” ಎನ್ನತೊಡಗಿದರು. ಚಿರಂಜೀವಿಯ ಹಾಡು, ಘಂಟಸಾಲರ ಹಳೆಯ ಹಾಡು, ಭಕ್ತಿಗೀತೆ, ಕಾಮಿಡಿ ತುಣುಕು. ನಾಲ್ಕು ಜಿಬಿ ತುಂಬಿಕೊಟ್ಟರೆ ಮೂವತ್ತು ರೂಪಾಯಿ. ಅವರಲ್ಲಿ ಒಬ್ಬರೂ ಅದುವರೆಗೆ ನಮ್ಮ ನೆಟ್ ಸೆಂಟರಿನ ಕುರ್ಚಿಯಲ್ಲಿ ಕೂತವರಲ್ಲ. ಪಿಸಿಯಿಂದ ಮೊಬೈಲಿಗೆ ಜನ ಹೋದರು ಎಂದು ಬರೆಯುವವರು ಈ ಜನರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಪಿಸಿ ಬಿಟ್ಟು ಹೋದವರಲ್ಲ. ಅವರ ಮೊದಲ ಕಂಪ್ಯೂಟರೇ ಫೋನು.

2011ರಲ್ಲಿ ಸೈಬರ್ ಕೆಫೆಗಳಿಗೆ ಕೇಂದ್ರದ ಹೊಸ ನಿಯಮ ಬಂತು. ಬಂದವರ ಗುರುತಿನ ಚೀಟಿ ನೋಡಬೇಕು, ದಾಖಲೆ ಕನಿಷ್ಠ ಒಂದು ವರ್ಷ ಇಡಬೇಕು, ಕುರ್ಚಿಗಳ ನಡುವಿನ ಪರದೆ ನಾಲ್ಕೂವರೆ ಅಡಿ ಮೀರಬಾರದು. ನಾವು ಬಡಗಿಯನ್ನು ಕರೆಸಿ ಪ್ಲೈವುಡ್ ಕತ್ತರಿಸಿದೆವು, ರಿಜಿಸ್ಟರ್ ಕೊಂಡೆವು. ಅಷ್ಟರಲ್ಲಿ ಗಿರಾಕಿಗಳೇ ಕಡಿಮೆಯಾಗಿದ್ದರು.

2014ರ ಅಕ್ಟೋಬರ್ 12, ಭಾನುವಾರ. ಹುದ್‌ಹುದ್ ಚಂಡಮಾರುತ ವಿಶಾಖದ ಮೇಲೆಯೇ ನೆಲ ಮುಟ್ಟಿತು. ವಿಮಾನ ನಿಲ್ದಾಣದ ಚಾವಣಿ ಕಿತ್ತುಹೋಯಿತು, ಊರಿನ ಮರಗಳು ಬುಡಮೇಲಾದವು, ವಿದ್ಯುತ್ ಕಂಬಗಳು ಬಾಗಿ ಬಿದ್ದವು, ಟವರುಗಳು ಸತ್ತವು. ನಮ್ಮ ಶಟರ್ ಅಡಿಯಿಂದ ನುಗ್ಗಿದ ನೀರು ನೆಲದ ಮೇಲಿದ್ದ ಡಬ್ಬಗಳನ್ನೆಲ್ಲ ತೋಯಿಸಿತು. ಕರೆಂಟಿಲ್ಲದ ಆ ದಿನಗಳಲ್ಲಿ ಯಜಮಾನರು ಜನರೇಟರ್ ಓಡಿಸಿ, ಫುಟ್‌ಪಾತಿನ ಮೇಲೆ ಟೇಬಲ್ ಹಾಕಿ, ಸ್ಪೈಕ್ ಬಸ್ಟರುಗಳನ್ನು ಸಾಲಾಗಿ ಜೋಡಿಸಿದರು. ಸುತ್ತಮುತ್ತಲ ಜನ ಫೋನ್ ಹಿಡಿದು ಬಂದರು. ಅವರಿಂದ ಕಾಸು ತೆಗೆದುಕೊಳ್ಳಲಿಲ್ಲ. ಚಾರ್ಜ್ ಆಗುತ್ತಿದ್ದ ಫೋನಿನ ಮುಂದೆಯೇ ನಿಂತು ಸಿಗ್ನಲ್ ಬಂತೇ ಎಂದು ನೋಡುತ್ತಿದ್ದರು. ತನ್ನ ಕಂಪ್ಯೂಟರ್ ಏನಾಯಿತು ಎಂದು ಕೇಳಿಕೊಂಡು ಆ ವಾರ ಒಬ್ಬರೂ ಬರಲಿಲ್ಲ. ನನ್ನ ಕಸುಬಿನ ನೆಲ ಜರುಗಿದೆ ಎಂಬುದು ಅವತ್ತು ಮನಸ್ಸಿಗೆ ಇಳಿಯಿತು. ಅಂಗಡಿ ಮತ್ತೆ ಮೊದಲಿನಂತಾಗಲಿಲ್ಲ.

ಮರುವರ್ಷ ವಿಜಯವಾಡಕ್ಕೆ ಬಂದೆ. ರಾಜ್ಯ ಒಡೆದು, ರಾಜಧಾನಿ ಇಲ್ಲೇ ಕೃಷ್ಣೆಯ ದಡದಲ್ಲಿ ಆಗುತ್ತದೆಂದು ಊರಿಗೆ ಹೊಸ ಕಳೆ ಬಂದಿತ್ತು. ಗವರ್ನರ್‌ಪೇಟೆಯಲ್ಲಿ ಕೆಲಸ ಸಿಕ್ಕಿತು. 2016ರ ಆಗಸ್ಟಿನಲ್ಲಿ ಕೃಷ್ಣಾ ಪುಷ್ಕರ ನಡೆದು ಘಾಟುಗಳ ಜನಜಂಗುಳಿ ಕರಗಿದ ಮೇಲೆ, ಸೆಪ್ಟೆಂಬರ್ 5ಕ್ಕೆ ಜಿಯೊ ಶುರುವಾಯಿತು. ಒಂದು ಜಿಬಿಗೆ ಇನ್ನೂರಕ್ಕೂ ಮೇಲೆ ಕೊಡುತ್ತಿದ್ದ ಜನ ಆಧಾರ್ ಪ್ರತಿ ಹಿಡಿದು ಸಿಮ್ಮಿಗಾಗಿ ಬೀದಿಯುದ್ದ ಸಾಲು ನಿಂತರು. ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಅದೇ ತಿಂಗಳು ವಾಟ್ಸ್ಯಾಪಿನಲ್ಲಿ ವಿಡಿಯೊ ಕರೆ ಬಂತು. ವಿಶಾಖದ ಆ ತಾಯಂದಿರಿಗೆ ಇನ್ನು ಭಾನುವಾರ ಕಾಯಬೇಕಿಲ್ಲ, ಸೀರೆ ಬದಲಿಸಬೇಕಿಲ್ಲ, ಪಕ್ಕದಲ್ಲಿ ನನ್ನಂಥವನೂ ಬೇಡ. ಅಡುಗೆಮನೆಯಲ್ಲಿ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಮಗನೊಡನೆ ಮಾತಾಡಬಹುದು. ಇದರಲ್ಲಿ ನನಗೆ ಸಂತೋಷವೇ ಹೊರತು ಬೇಸರವಿಲ್ಲ.

ನೋಟು ರದ್ದಾದ ಕೆಲವೇ ವರ್ಷಗಳಲ್ಲಿ ರೈತು ಬಜಾರಿನ ಸೊಪ್ಪಿನ ಬುಟ್ಟಿಯ ಮೇಲೂ ಕ್ಯೂಆರ್ ರಟ್ಟು ಬಂದು ಕೂತಿತು. 2017ರ ಆಗಸ್ಟಿನಲ್ಲಿ ಗೂಗಲ್ ತೆಲುಗು, ಕನ್ನಡ ಸೇರಿ ಇನ್ನೂ ಎಂಟು ಭಾರತೀಯ ಭಾಷೆಗಳಲ್ಲಿ ಮಾತನ್ನು ಅಕ್ಷರ ಮಾಡುವ ಸೌಲಭ್ಯ ಕೊಟ್ಟಿತು. ಫಾಂಟಿನ ಹಿಂದೆ ಬಿದ್ದು ಹೆಣಗಿದ ನನ್ನಂಥವನಿಗೆ ಅದೆಷ್ಟು ದೊಡ್ಡದೆಂದು ಗೊತ್ತು. ಕೀಬೋರ್ಡ್ ಮುಟ್ಟದ ಒಬ್ಬ ತರಕಾರಿ ಅಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದ್ದನ್ನು ಅದು ತೆಲುಗಿನಲ್ಲಿ ಬರೆದು ಹುಡುಕಿ ಕೊಡುವುದನ್ನು ಕಂಡು ಕಣ್ಣು ಒದ್ದೆಯಾಯಿತು.

ಕಳೆದುಕೊಂಡದ್ದನ್ನೂ ಹೇಳಬೇಕು. ಒಮ್ಮೆ ಮಧ್ಯವಯಸ್ಸಿನ ಹೆಂಗಸೊಬ್ಬರು ಗಂಡನ ಫೋನ್ ತಂದರು. ಅವರು ತೀರಿಕೊಂಡು ತಿಂಗಳಾಗಿತ್ತು. ಫೋನೂ ಆನ್ ಆಗುತ್ತಿರಲಿಲ್ಲ. “ಫೋಟೊಗಳೆಲ್ಲ ಅದರಲ್ಲೇ ಇವೆ ತಮ್ಮಾ” ಎಂದರು. ಗವರ್ನರ್‌ಪೇಟೆಯಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಬೋರ್ಡ್ ಇಟ್ಟು, ಬಿಸಿಗಾಳಿ ಗನ್ನಿನಿಂದ ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳನ್ನು ಕಿತ್ತು ಕೂರಿಸುವ ಹುಡುಗರಿದ್ದಾರೆ. ಅವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಅವರಿಂದಲೂ ಆಗಲಿಲ್ಲ. ಹಳೆಯ ಡಬ್ಬವಾಗಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ, ಅರ್ಧ ಗಂಟೆಯಲ್ಲಿ ಅವರ ಮದುವೆಯ ಫೋಟೊದಿಂದ ಹಿಡಿದು ಎಲ್ಲವನ್ನೂ ಕೈಗೆ ಕೊಡುತ್ತಿದ್ದೆ. ಫೋನಿನಲ್ಲಿ ನೆನಪಿನ ಚಿಪ್ಪು ಬೋರ್ಡಿಗೇ ಬೆಸೆದಿರುತ್ತದೆ, ಬ್ಯಾಟರಿಯನ್ನು ಅಂಟಿಸಿರುತ್ತಾರೆ, ಹಿಂಬದಿಗೆ ಸ್ಕ್ರೂ ಸಹ ಇರುವುದಿಲ್ಲ. ಹಿಂದೆ ಹತ್ತನೇ ಕ್ಲಾಸಿನ ಹುಡುಗರು ಮನೆಯಲ್ಲಿ ಡಬ್ಬ ಬಿಚ್ಚಿ ತಾವೇ ರ್‍ಯಾಮ್ ಹಾಕಿಕೊಳ್ಳುತ್ತಿದ್ದರು. ಹಾಗೆ ಬಿಚ್ಚಿ ಕಲಿತವರು ಎಂಜಿನಿಯರಾಗಿ ನನ್ನ ಮುಂದೆ ಬಂದು ನಿಂತಿದ್ದಾರೆ. ಫೋನ್ ತಯಾರಿಸುವವರು ಅದನ್ನು ಬಿಚ್ಚುವಂತೆ ಮಾಡಲೇಬೇಕು ಎಂದು ಕಾನೂನು ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

2020ರ ಲಾಕ್‌ಡೌನಿನಲ್ಲಿ ಕ್ಲಾಸುಗಳು ಆನ್‌ಲೈನ್ ಆದಾಗ ಅಟ್ಟದ ಮೇಲಿದ್ದ ಹಳೆಯ ಪಿಸಿಗಳೆಲ್ಲ ಖರ್ಚಾದವು. ಒಂದು ಫೋನು, ಮೂರು ಮಕ್ಕಳಿರುವ ಮನೆಗಳವರು ಸಿಕ್ಕಿದ್ದನ್ನು ಕೊಂಡೊಯ್ದರು. ಒಂದೆರಡು ವರ್ಷದಲ್ಲಿ ಅವೂ ಮೂಲೆ ಸೇರಿದವು.

ಸರ್ಕಾರವೂ ಫೋನಿನ ದಾರಿಯನ್ನೇ ಹಿಡಿದಿದೆ. ಕರೆಂಟ್ ಬಿಲ್ಲಿಗೆ ಇ-ಸೇವಾ ಕೇಂದ್ರದಲ್ಲಿ ಸಾಲು ನಿಲ್ಲುತ್ತಿದ್ದ ಕಾಲವಿತ್ತು. 2011ರಲ್ಲಿ ಮೀಸೇವಾ ಬಂತು. ಅಲ್ಲೂ ಕಂಪ್ಯೂಟರಿನ ಹಿಂದೆ ಕೂತ ಒಬ್ಬರು ನಮ್ಮ ಪರವಾಗಿ ಟೈಪ್ ಮಾಡಬೇಕು. 2025ರ ಜನವರಿ 30ರಿಂದ ‘ಮನ ಮಿತ್ರ’ ಎಂಬ ಹೆಸರಿನಲ್ಲಿ 161 ಸೇವೆಗಳು ವಾಟ್ಸ್ಯಾಪಿನಲ್ಲೇ ಸಿಗತೊಡಗಿದವು. ಆ ವರ್ಷದ ಇಂಟರ್ ಮಕ್ಕಳಿಗೆ ಹಾಲ್ ಟಿಕೆಟೂ ಫೋನಿಗೇ ಬಂತು.

ಬಂದ ಹಾಲ್ ಟಿಕೆಟಿನ ಪ್ರಿಂಟ್ ತೆಗೆಸಲು ಅವರೆಲ್ಲ ಬರುವುದು ನಮ್ಮ ಅಂಗಡಿಗೆ. ಪಿಡಿಎಫ್ ಅನ್ನು ಅಂಗಡಿಯ ವಾಟ್ಸ್ಯಾಪ್ ನಂಬರಿಗೆ ಕಳಿಸುತ್ತಾರೆ, ನಮ್ಮ ಪಿಸಿ ಪ್ರಿಂಟರಿಗೆ ಕೊಡುತ್ತದೆ. ಉಳಿದ ಜಾಗದಲ್ಲೆಲ್ಲ ಟೆಂಪರ್ಡ್ ಗ್ಲಾಸು, ಪೌಚು, ಚಾರ್ಜರು, ಡಿಸ್‌ಪ್ಲೇ ಕಾಂಬೋಗಳು. ಎಂಜಿನಿಯರಿಂಗ್ ಪ್ರವೇಶದ ಎಪ್‌ಸೆಟ್ ಕೌನ್ಸೆಲಿಂಗ್ ಬಂದರೆ ಮಾತ್ರ ಆ ಪಿಸಿಯ ಮುಂದೆ ಎರಡು ಕುರ್ಚಿ ಹಾಕುತ್ತೇವೆ. ನೂರಾರು ಕಾಲೇಜುಗಳ ಕೋಡುಗಳನ್ನು ಒಂದರ ಕೆಳಗೊಂದು ಜೋಡಿಸಿ ವೆಬ್ ಆಪ್ಷನ್ ಕೊಡುವ ಕೆಲಸವನ್ನು ಸಣ್ಣ ಸ್ಕ್ರೀನಿನಲ್ಲಿ ಮಾಡಲು ಜನಕ್ಕೆ ಇನ್ನೂ ಧೈರ್ಯವಿಲ್ಲ. ತಂದೆ, ಮಗಳು ಇಬ್ಬರೂ ಕೂತು, ಬರೆದು ತಂದ ಪಟ್ಟಿ ಓದಿ ಹೇಳುತ್ತಾರೆ, ನಾನು ಒತ್ತುತ್ತೇನೆ. ಹೋದ ವರ್ಷ ಆ ಪಿಸಿ ತೀರಾ ನಿಧಾನವಾಗಿತ್ತು. ಡಬ್ಬ ಬಿಚ್ಚಿ ಎಸ್‌ಎಸ್‌ಡಿ ಹಾಕಿದೆ. ಇನ್ನೂ ನಾಲ್ಕು ವರ್ಷ ಓಡುತ್ತದೆ.