ಕೆಡದೆಯೂ ಹಳತಾಗುವ ಕಾಲ

ನನ್ನ ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ. ಗುಂಡಿ ಒತ್ತಿದರೆ ಎದ್ದು ಕೂರುತ್ತದೆ. ಕೀಲಿಮಣೆಯ ಒಂದೆರಡು ಅಕ್ಷರ ಸವೆದುಹೋಗಿದ್ದರೂ ಬೆರಳಿಗೆ ಅವುಗಳ ಜಾಗ ಗೊತ್ತು. ಪರದೆಯ ಮೂಲೆಯಲ್ಲೊಂದು ಗೀರು ಬಿಟ್ಟರೆ ಮುಖ ಲಕ್ಷಣವಾಗಿಯೇ ಇದೆ. ಆದರೂ ಅದರ ಕಾಲ ಮುಗಿಯಿತು ಅಂತ ಎಲ್ಲೋ ದೂರದಲ್ಲಿ ಕೂತವರು ತೀರ್ಮಾನಿಸಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸೇವೆ ನಿಂತಿತು. ಮುಂದಿನ ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರೇ ಆಗಬೇಕು, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪೂ ಇರಬೇಕು. ನಾನು 2016ರಲ್ಲಿ ಕೊಂಡ ಈ ಯಂತ್ರದೊಳಗಿರುವುದು ಆರನೆಯ ತಲೆಮಾರಿನದು. ಆ ದಿನ ಹತ್ತಿರವಾಗುತ್ತಿದ್ದಂತೆ ಪರದೆಯ ಮೇಲೆ ಸೂಚನೆಗಳು ಮೂಡತೊಡಗಿದವು. ಬದುಕಿರುವವನ ತಿಥಿಗೆ ದಿನ ಗೊತ್ತುಮಾಡಿ, ಅವನ ಕೈಗೇ ಕರೆಯೋಲೆ ಕೊಟ್ಟ ಹಾಗೆ.

ಮಗಳು ಪುಣೆಯಿಂದ ಫೋನ್ ಮಾಡಿದಾಗಲೆಲ್ಲ ಇದೇ ಮಾತು. “ಅಪ್ಪಾ, ಇನ್ನೂ ಎಷ್ಟು ದಿನ ಅದನ್ನ ಕಟ್ಕೊಂಡು ಒದ್ದಾಡ್ತೀಯ? ಹೊಸದು ತಗೋ.” ಅವಳದು ಕಾಳಜಿಯ ಮಾತೇ. ಎರಡು ಮೂರು ವರ್ಷಕ್ಕೊಂದು ಫೋನು ಬದಲಾಯಿಸುವುದು ಅವಳ ಓರಗೆಯವರಿಗೆ ಸಹಜ. ನಾನೇ ಬೇರೆ ಕಾಲದಿಂದ ಬಂದವನು. ನಾನು ಬೆಳೆದ ಮನೆಯಲ್ಲಿ ವಸ್ತುಗಳಿಗೆ ವಯಸ್ಸಾಗುತ್ತಿತ್ತೇ ಹೊರತು ಅವಧಿ ಮುಗಿಯುತ್ತಿರಲಿಲ್ಲ.

ಸಾಗರದ ಕಡೆಯ ನಮ್ಮ ಮನೆಯ ಜಗುಲಿಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ ರೇಡಿಯೊ ಇತ್ತು. ಅಮ್ಮ ಕಸೂತಿ ಹಾಕಿದ ಬಟ್ಟೆ ಅದರ ಮೇಲೆ, ಲೈಸೆನ್ಸ್ ಪುಸ್ತಕ ಅದರ ಹಿಂದೆ. ಆಗ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತು. ಬೆಳಿಗ್ಗೆ ಭದ್ರಾವತಿ, ರಾತ್ರಿ ಧಾರವಾಡ, ಗಾಳಿಮಳೆಯಿಲ್ಲದ ದಿನ ಕಿರುತರಂಗದಲ್ಲಿ ಸಿಲೋನು. ಸೆಲ್ಲು ಸೊರಗಿ ದನಿ ಕುಗ್ಗಿದರೆ ಹೊಸ ಸೆಲ್ಲು ತರುವ ಮಾತನ್ನು ಯಾರೂ ತಕ್ಷಣ ಆಡುತ್ತಿರಲಿಲ್ಲ. ಅವನ್ನು ತೆಗೆದು ಅಂಗಳದಲ್ಲಿ ಹಪ್ಪಳದ ಚಾಪೆಯ ತುದಿಗೆ ಒಣಗಲು ಇಡುತ್ತಿದ್ದೆವು. ಸಂಜೆ ಹಾಕಿದರೆ ಮತ್ತೆ ಹಾಡುತ್ತಿತ್ತು! ಬಿಸಿಲಿನ ಕಾವಿಗೆ ಒಳಗಿನ ರಸಾಯನ ಒಂದಿಷ್ಟು ಚುರುಕಾಗುತ್ತದೆ ಎಂದು ಓದಿ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಗ ನಮಗೆ ಅದು ಅಜ್ಜಿ ಹೇಳಿಕೊಟ್ಟ ಔಷಧಿ, ಅಷ್ಟೇ.

ಬಿಸಿಲಿಗೂ ಬಗ್ಗದ, ಪಕ್ಕಕ್ಕೆ ತಟ್ಟಿದರೂ ಏಳದ ಕಾಯಿಲೆ ಬಂದರೆ ರೇಡಿಯೊ ಟವೆಲಿನಲ್ಲಿ ಸುತ್ತಿಕೊಂಡು ಅಪ್ಪನ ಜೊತೆ ಪೇಟೆಗೆ ಹೊರಡುತ್ತಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೇಡಿಯೊ ಸಾಹೇಬರ ಅಂಗಡಿ. ಅವರಿಗೆ ಬೇರೆ ಹೆಸರಿದ್ದೀತು ಅಂತ ನಮಗೆ ಹೊಳೆದೇ ಇರಲಿಲ್ಲ. ಒಳಗೆ ಕಾಲಿಟ್ಟರೆ ಸೋಲ್ಡರಿಂಗ್ ಕಡ್ಡಿಗೆ ತಾಗಿದ ರಾಳದ ಹೊಗೆ ಮೂಗಿಗೆ ಹತ್ತುತ್ತಿತ್ತು. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡು ಕೂತ ರೇಡಿಯೊಗಳು, ಪ್ರತಿಯೊಂದರ ಕಿವಿಯಲ್ಲೂ ಊರು, ಮನೆ ಬರೆದ ಚೀಟಿ. ಸಾಹೇಬರು ನಮ್ಮೆದುರಿಗೇ ತಿರುಪು ಬಿಚ್ಚುತ್ತಿದ್ದರು. ಒಳಗಿನ ಧೂಳನ್ನು ಹಳೆಯ ಬಣ್ಣದ ಬ್ರಷ್ಷಿನಿಂದ ಗುಡಿಸಿ, ಒಂದೊಂದೇ ಕಡೆ ಮುಟ್ಟಿ ಕಿವಿಗೊಟ್ಟು, “ಮೇಷ್ಟ್ರೇ, ಕಂಡೆನ್ಸರ್ ಹೋಗಿದೆ ಅಷ್ಟೇ. ಇನ್ನು ಹತ್ತು ವರ್ಷ ಹಾಡುತ್ತೆ ಬಿಡಿ” ಅನ್ನುತ್ತಿದ್ದರು. ಸ್ಟೇಷನ್ನಿನ ಮುಳ್ಳನ್ನು ಎಳೆಯುವ ದಾರ ತುಂಡಾಗಿದ್ದರೆ ಹೊಸ ದಾರವನ್ನು ಪುಟ್ಟ ಗಾಲಿಗಳ ಮೇಲೆ ಹಾಯಿಸಿ ಬಿಗಿಯುವುದನ್ನು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ತೆಗೆದುಹಾಕಿದ ಕಂಡೆನ್ಸರನ್ನು ಅವರು ಒಗೆಯದೆ ನನ್ನ ಅಂಗೈಗೆ ಹಾಕುತ್ತಿದ್ದರು. ನಮ್ಮ ವಸ್ತುವಿನೊಳಗೆ ಏನಿತ್ತು, ಏನು ಹೋಯಿತು, ಏನು ಬಂತು, ಎಲ್ಲವನ್ನೂ ಕಣ್ಣಾರೆ ಕಂಡು ಮನೆಗೆ ಬರುತ್ತಿದ್ದೆವು.

ಅಪ್ಪನ ಕೈಯಲ್ಲಿ ಎಚ್‌ಎಂಟಿ ಜನತಾ ಇತ್ತು, ಮದುವೆಯಲ್ಲಿ ಬಂದದ್ದು. ಬೆಳಿಗ್ಗೆ ಸ್ನಾನ ಮುಗಿಸಿ ಕೀ ಕೊಟ್ಟು ಕಟ್ಟಿಕೊಂಡರೆ ಮಾರನೆಯ ದಿನದವರೆಗೆ ಚಿಂತೆಯಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು ಸರ್ಕಾರ 2016ರ ಜನವರಿಯಲ್ಲಿ ಕೈಗೊಂಡಿತು. ಅಪ್ಪ ಹೋದರು, ಕಾರ್ಖಾನೆಯೂ ಹೋಯಿತು, ಗಡಿಯಾರ ನನ್ನ ಮೇಜಿನ ಖಾನೆಯಲ್ಲಿ ಈಗಲೂ ಕೀ ಕೊಟ್ಟರೆ ಓಡುತ್ತದೆ. ಇದನ್ನು ನೆನೆದರೆ ನನಗೆ ಒಂದು ಸೋಜಿಗ. ಮಾಡಿದವರು ಕಣ್ಮುಚ್ಚಿದರೂ ಆಗಿನ ಯಂತ್ರ ತನ್ನ ಪಾಡಿಗೆ ಬದುಕುತ್ತಿತ್ತು. ಈಗ ಮಾಡಿದವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಯಂತ್ರವೂ ಗಟ್ಟಿಯಾಗಿಯೇ ಇರುತ್ತದೆ, ನಡುವಿನ ನಂಟನ್ನು ಮಾತ್ರ ಕತ್ತರಿಸಿಬಿಡುತ್ತಾರೆ.

ಕಂಪ್ಯೂಟರಿನ ಮೊದಲ ದಿನಗಳಲ್ಲಿ ಹೀಗಿರಲಿಲ್ಲ. ಬೆಂಗಳೂರಿನಲ್ಲಿ ಆಗ ಕಂಪ್ಯೂಟರನ್ನು ಕೊಳ್ಳುವುದಕ್ಕಿಂತ ‘ಅಸೆಂಬಲ್’ ಮಾಡಿಸುವುದೇ ವಾಡಿಕೆ. ಟೌನ್‌ಹಾಲಿನ ಹತ್ತಿರದ ಎಸ್.ಪಿ. ರಸ್ತೆಗೆ ಹೋದರೆ ಸಾಕು. ಸಾದರ ಪತ್ರಪ್ಪನವರ ಹೆಸರಿನ ರಸ್ತೆ ಎಂಬುದು ಅಲ್ಲಿ ದಿನಾ ಓಡಾಡುವವರಿಗೂ ನೆನಪಿರುವುದಿಲ್ಲ. 2003ರಲ್ಲಿ ನಾನು ಅಲ್ಲಿ ನಿಂತು, ಅಂಗಡಿಯ ಹುಡುಗ ಚೀಟಿಯ ಮೇಲೆ ಒಂದರ ಕೆಳಗೊಂದು ಬರೆಯುವುದನ್ನು ನೋಡಿದೆ: ಪೆಂಟಿಯಮ್ 4, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್, 15 ಇಂಚಿನ ಮಾನಿಟರ್. ಮೊತ್ತ ನೋಡಿ ಎದೆ ಧಸಕ್ಕೆಂದರೂ, ಆಟೊದಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗಿನ ಹೆಮ್ಮೆಯೇ ಬೇರೆ. ಮನೆಯಲ್ಲಿ ಅದಕ್ಕೊಂದು ಹೊದಿಕೆ ಹೊಲಿದದ್ದಾಯಿತು. ಕರೆಂಟು ಹೋದ ಕೂಡಲೇ ಯುಪಿಎಸ್ ಕೂಗಿಕೊಳ್ಳುತ್ತಿತ್ತು, ಬರೆದದ್ದನ್ನು ಉಳಿಸಿಕೊಳ್ಳಲು ನಾನು ಅಡುಗೆಮನೆಯಿಂದ ಓಡಿ ಬರುತ್ತಿದ್ದೆ.

ಅದಕ್ಕೂ ಕಾಯಿಲೆಗಳಿದ್ದವು, ಔಷಧಿಗಳೂ ಇದ್ದವು. ಪರದೆ ಕಪ್ಪಾಗಿ ಕೀಂ ಕೀಂ ಎಂದರೆ ಪಕ್ಕದ ಮುಚ್ಚಳ ತೆಗೆದು, ರ‍್ಯಾಮ್ ಕಡ್ಡಿಯನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಬೇಕು. ನಗಬೇಡಿ, ಹತ್ತರಲ್ಲಿ ಎಂಟು ಸಲ ಅಷ್ಟರಲ್ಲೇ ಗುಣವಾಗುತ್ತಿತ್ತು. ಗಡಿಯಾರ ಪ್ರತಿದಿನ ಹಿಂದಿನ ಯಾವುದೋ ಇಸವಿಗೆ ಹೋಗಿ ನಿಂತರೆ ಒಳಗಿನ ಬಿಲ್ಲೆಸೆಲ್ಲು ಮುಗಿದಿದೆ ಎಂದರ್ಥ, ವಾಚ್ ಅಂಗಡಿಯಲ್ಲೇ ಸಿಗುತ್ತಿತ್ತು. ಜಾಗ ಸಾಲದಿದ್ದರೆ ಇನ್ನೊಂದು ಡಿಸ್ಕು, ನಿಧಾನವಾದರೆ ಇನ್ನೊಂದು ರ‍್ಯಾಮು. ‘ಅಪ್‌ಗ್ರೇಡ್’ ಅಂದರೆ ಆಗ ಇದ್ದ ಪೆಟ್ಟಿಗೆಗೇ ಏನಾದರೂ ಸೇರಿಸುವುದು. ಎಸ್.ಪಿ. ರಸ್ತೆಯ ಆ ಹುಡುಗ ಭಾನುವಾರ ಮನೆಗೇ ಬಂದು, ಕಾಫಿ ಕುಡಿಯುತ್ತ, ನೆಲದ ಮೇಲೆ ತಿರುಪುಗಳನ್ನು ಸಾಲಾಗಿ ಜೋಡಿಸಿಕೊಂಡು ಕೆಲಸ ಮಾಡುತ್ತಿದ್ದ.

ಈಗಿನ ಸರ್ವಿಸ್ ಸೆಂಟರಿನಲ್ಲಿ ಟೋಕನ್ ಕೊಡುತ್ತಾರೆ. ಗಾಜಿನ ಆಚೆಗೆ ಯಂತ್ರ ಹೋಗುತ್ತದೆ, ಈಚೆಗೆ ಮಾತು ಬರುತ್ತದೆ: “ಬೋರ್ಡೇ ಚೇಂಜ್ ಮಾಡ್ಬೇಕು ಸಾರ್, ಅದಕ್ಕಿಂತ ಹೊಸದೇ ತಗೊಳ್ಳಿ.” ಆ ಹುಡುಗನ ತಪ್ಪೇನೂ ಇಲ್ಲ. ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ, ಉಜ್ಜಲು ಹಲ್ಲೇ ಇಲ್ಲ. ಉಗುರಿನಿಂದ ಬೆನ್ನು ತೆಗೆದು ಬ್ಯಾಟರಿ ಬದಲಿಸುತ್ತಿದ್ದ ಫೋನುಗಳ ಕಾಲವೂ ಹೋಯಿತು, ಈಗ ಅವು ಅಂಟಿನಲ್ಲಿ ಮುಚ್ಚಿಕೊಂಡಿವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕಿ’ಗೆಂದೇ ಒಂದು ಸಮಿತಿ ರಚಿಸಿ, ಅದೇ ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ಒಳ್ಳೆಯ ಕೆಲಸವೇ. ಆದರೆ ಸಾಹೇಬರ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಹುಡುಗನಿಗೆ, ಬಿಚ್ಚಿ ನೋಡುವುದಕ್ಕೂ ಮುಂದೊಂದು ದಿನ ಹಕ್ಕು ಕೇಳಬೇಕಾದೀತು ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಹಾಗಂತ ಹೊಸದನ್ನೆಲ್ಲ ಹಳಿಯುವವನು ನಾನಲ್ಲ. ರೇಡಿಯೊ ತಾನಾಯಿತು, ತನ್ನ ಹಲಗೆಯಾಯಿತು ಎಂದು ಇತ್ತು, ಅದರ ಮೂಲಕ ಕಳ್ಳ ಮನೆಯೊಳಗೆ ನುಗ್ಗುವ ಭಯವಿರಲಿಲ್ಲ. ಈ ಲ್ಯಾಪ್‌ಟಾಪು ಹಗಲೂ ರಾತ್ರಿ ಜಗತ್ತಿಗೆ ತೆರೆದುಕೊಂಡಿರುವಂಥದ್ದು. ನನ್ನ ಪಿಂಚಣಿಯ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲ ಇದರಲ್ಲೇ. ಹೊಸ ಬಿರುಕು ಕಂಡಾಗ ಮುಚ್ಚುವವರಿಲ್ಲ ಎಂದಾದ ಮೇಲೆ ಅದನ್ನೇ ನಂಬಿ ಕೂರುವುದು ಜಾಣತನವಲ್ಲ.

ಮತ್ತೆ, ಕನ್ನಡದ ವಿಷಯ. ಇದನ್ನು ಹೇಳದಿದ್ದರೆ ಹಳೆಯ ಕಾಲಕ್ಕೆ ಸುಳ್ಳು ಹೊಳಪು ಕೊಟ್ಟಂತಾದೀತು. ನನ್ನ ಪೆಂಟಿಯಮ್ಮಿನಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇತ್ತು. ಗೆಳೆಯರ ಹತ್ತಿರ 1998ರಲ್ಲೇ ಬಂದಿದ್ದ ‘ಬರಹ’. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ಎಫ್ ಒತ್ತಿದರೆ ಒತ್ತಕ್ಷರ ತಾನಾಗಿ ಕೆಳಗಿಳಿಯುವ ಸುಖ ಅನುಭವಿಸಿದವರಿಗೇ ಗೊತ್ತು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಕೂರಿಸಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ, ‘ಕನ್ನಡ’ ಎಂದು ಬರೆದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ನಡುವೆ ಪೌಂಡಿನ ಚಿಹ್ನೆ ಕಾಣುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ, ಸ್ವಂತ ಮನೆ. ಇವತ್ತು ಊರಿನ ಅಕ್ಕ ತನ್ನ ಫೋನಿನಲ್ಲಿ ಕನ್ನಡದಲ್ಲೇ ಸಂದೇಶ ಕಳಿಸುತ್ತಾಳೆ, ನನ್ನ ಕೈಯಲ್ಲಿ ಅದು ಚಾಚೂ ತಪ್ಪದೆ ತೆರೆದುಕೊಳ್ಳುತ್ತದೆ. ಈ ಉಪಕಾರವನ್ನು ನಾನು ಮರೆಯಲಾರೆ.

ಆದರೂ ನನ್ನ ಕೈ ತಡೆಯುತ್ತಿರುವುದು ಆ ಹಳೆಯ ನುಡಿ ಕಡತಗಳೇ. ಅಮ್ಮ ನಮ್ಮ ಜೊತೆ ಬೆಂಗಳೂರಿನಲ್ಲಿದ್ದ ವರ್ಷಗಳಲ್ಲಿ, ಮಧ್ಯಾಹ್ನ ಅವಳು ಹತ್ತಿ ಬಿಡಿಸುತ್ತ ಹಾಡುತ್ತಿದ್ದ ಹಸೆಯ ಹಾಡು, ಆರತಿಯ ಹಾಡುಗಳನ್ನು ನಾನು ಟೈಪ್ ಮಾಡಿಕೊಂಡಿದ್ದೆ. ಟೈಪಿಸುವ ವೇಗಕ್ಕೆ ಅವಳು ಸಾಲು ಸಾಲು ನಿಲ್ಲಿಸಿ ಹೇಳುತ್ತಿದ್ದಳು. ಹಾಗೆ ನಿಲ್ಲಿಸಿದರೆ ಮುಂದಿನ ಸಾಲು ಮರೆತು, ಮತ್ತೆ ಮೊದಲಿಂದ ಹಾಡಬೇಕಾಗುತ್ತಿತ್ತು. ಆ ಕಡತಗಳು ಪೆಂಟಿಯಮ್ಮಿನಿಂದ ಸಿಡಿಗೆ, ಸಿಡಿಯಿಂದ ಈ ಲ್ಯಾಪ್‌ಟಾಪಿಗೆ ಬಂದಿವೆ. ಇಲ್ಲಿ ಹಳೆಯ ಫಾಂಟುಗಳೆಲ್ಲ ಹೇಗೋ ಹೊಂದಿಕೊಂಡು ಕೂತಿವೆ. ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳೂ ಉಂಟು, ಬಳಸುತ್ತಿದ್ದೇನೆ. ಒಂದೊಂದು ಹಾಡಿನಲ್ಲೂ ಎಲ್ಲೋ ಒಂದು ಒತ್ತು ಜಾರಿರುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರದ ಹೆಗಲೇರಿರುತ್ತದೆ. ತಿದ್ದಬೇಕಾದರೆ ಮನಸ್ಸಿನಲ್ಲೇ ಹಾಡಿಕೊಂಡು ನೋಡಬೇಕು. ಅವಸರದ ಕೆಲಸವಲ್ಲ.

ಸದ್ಯಕ್ಕೆ ಭದ್ರತೆಯ ತೇಪೆಗಳನ್ನು 2026ರ ಅಕ್ಟೋಬರ್ 13ರವರೆಗೆ ಪಡೆಯುವ ಏರ್ಪಾಡಿಗೆ ಹೆಸರು ನೋಂದಾಯಿಸಿದ್ದೇನೆ. ಅಷ್ಟರೊಳಗೆ ಹಾಡುಗಳು ಮುಗಿಯಬೇಕು. ಆಮೇಲೆ ಈ ಯಂತ್ರಕ್ಕೆ ಲಿನಕ್ಸ್ ಹಾಕಿ ಓದು ಬರಹಕ್ಕೆ ಇಟ್ಟುಕೊಳ್ಳುವ ಆಸೆ. ಬ್ಯಾಂಕಿಗೆ, ಬಿಲ್ಲಿಗೆ ಹೊಸದೊಂದು ಬರಲಿ ಅಂತ ಕೊನೆಗೂ ಒಪ್ಪಿಕೊಂಡಿದ್ದೇನೆ. ಮಗಳಿಗೆ ಒಂದೇ ಷರತ್ತು ಹಾಕಿದೆ: ಎಷ್ಟೇ ದಪ್ಪವಿರಲಿ, ತಿರುಪು ಬಿಚ್ಚಿ ರ‍್ಯಾಮು, ಡಿಸ್ಕು, ಬ್ಯಾಟರಿ ಬದಲಿಸಲು ಬರುವಂಥದ್ದೇ ಆಗಬೇಕು.

“ಸರಿ ಅಪ್ಪಾ, ಹುಡುಕ್ತೀನಿ. ಆದ್ರೆ ಅದನ್ನ ಬಿಚ್ಚೋರು ಯಾರು?” ಎಂದು ನಕ್ಕಳು.

ಎಸ್.ಪಿ. ರಸ್ತೆಯ ಆ ಹಳೆಯ ಹುಡುಗನಿಗೆ ಫೋನ್ ಮಾಡಿದೆ. ಅವನೀಗ ಅಪಾರ್ಟ್‌ಮೆಂಟುಗಳಿಗೆ ಸಿಸಿಟಿವಿ ಹಾಕುವ ಕೆಲಸದಲ್ಲಿದ್ದಾನಂತೆ. ಕಂಪ್ಯೂಟರ್ ರಿಪೇರಿ ಬಿಟ್ಟು ಬಹಳ ಕಾಲವಾಯಿತು ಸಾರ್ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ಮನೇಲಿರ್ತೀರಲ್ಲ?” ಎಂದು ಕೇಳಿದ.