ಮಾಂಸದ ಬಾಗಿಲಿನಿಂದ ಬಂದ ಕಾನೂನು

ಅಮೆರಿಕದ ಒಕ್ಕೂಟ ಸರ್ಕಾರ ಅಂದರೆ ಅಣುಬಾಂಬು ಹಾಕಿದ ಸರ್ಕಾರ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಸರ್ಕಾರ. ಇಂಥ ಸರ್ಕಾರಕ್ಕೆ ನಾವು ಕೇಳಬೇಕಾದ ಪ್ರಶ್ನೆ ತೀರ ಸಣ್ಣದು. ಒಬ್ಬ ಹೋಟೆಲಿನವನು 'ನಿಮ್ಮ ಜನ ಒಳಗೆ ಕೂರಂಗಿಲ್ಲ, ಹೊರಗೆ ನಿಂತು ಇಸ್ಕೊಂಡು ಹೋಗಿ' ಅಂದರೆ, ನೀನು ಅವನನ್ನು ಏನು ಮಾಡಬಲ್ಲೆ?

ಗುಲಾಮಗಿರಿ ಹೋದ ಮೇಲೂ ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಕೊಡುವುದಕ್ಕೆ ಆ ಸರ್ಕಾರಕ್ಕೆ ಸುಮಾರು ನೂರು ವರ್ಷ ಹಿಡಿಯಿತು.

ನಮಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ನಮ್ಮೂರ ಹೋಟೆಲಿನ ಸೂರಿಗೆ ನಮ್ಮ ಕೇರಿಯವರ ಲೋಟಗಳನ್ನು ಸಿಕ್ಕಿಸಿರುತ್ತಿದ್ದರು. ನಮ್ಮ ಅಪ್ಪ, ಚಿಕ್ಕಪ್ಪಂದಿರು ಅದನ್ನು ತಾವೇ ತೆಗೆದು, ತಾವೇ ತೊಳೆದು, ಮೇಲಿನಿಂದ ಹುಯ್ದ ಟೀ ಕುಡಿದು, ಮತ್ತೆ ತೊಳೆದು ಅಲ್ಲೇ ಸಿಕ್ಕಿಸಿ ಬರುತ್ತಿದ್ದರು. ದುಡ್ಡು ಮಾತ್ರ ಎಲ್ಲರಷ್ಟೇ. ಹಾಸ್ಟೆಲ್ಲಿಗೆ ಬಂದ ಮೇಲೆ ಅಮೆರಿಕದ ಕಪ್ಪು ಜನರ ಚರಿತ್ರೆ ಓದಿದೆವು. ದೇಶ ಬೇರೆ, ಲೋಟ ಅದೇ ಅನ್ನಿಸಿತು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದವರು ಒಕ್ಕೂಟ ಸರ್ಕಾರಕ್ಕೆ ಕೆಲಸಗಳನ್ನು ಎಣಿಸಿ ಕೊಟ್ಟರು. ತೆರಿಗೆ ಹಾಕು, ನಾಣ್ಯ ಹೊಡಿ, ಅಂಚೆ ನಡೆಸು, ಯುದ್ಧ ಸಾರು, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ನೋಡಿಕೋ. ಹೀಗೆ ಕೊಡದೆ ಉಳಿದದ್ದು ರಾಜ್ಯಗಳದ್ದು, ಇಲ್ಲವೆ ಜನರದ್ದು ಅಂತ 1791ರ ಹತ್ತನೇ ತಿದ್ದುಪಡಿ ಹೇಳಿತು. ಅಧಿಕಾರ ಒಂದೇ ಕಡೆ ಗುಡ್ಡೆ ಬೀಳಬಾರದು ಅನ್ನುವುದು ಒಳ್ಳೆಯ ಮಾತೇ. ಆದರೆ ಅದೇ ಸಂವಿಧಾನ, ಗುಲಾಮ ಅನ್ನುವ ಪದವನ್ನೇ ಬಳಸದೆ, ಸೀಟು ಹಂಚುವ ಲೆಕ್ಕದಲ್ಲಿ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಅಂತ ಎಣಿಸಿತ್ತು. ಅವನಿಗೆ ಓಟಿಲ್ಲ, ಅವನ ತಲೆ ಎಣಿಸಿ ಬಂದ ಸೀಟು ಒಡೆಯರಿಗೆ.

ಈ ಒಡೆಯರು ಸದಾ 'ರಾಜ್ಯಗಳ ಹಕ್ಕು, ರಾಜ್ಯಗಳ ಹಕ್ಕು' ಅಂತ ಬಾಯಿ ಬಡಿದುಕೊಳ್ಳುತ್ತಿದ್ದರು. ಅವರಿಗೆ ರಾಜ್ಯದ ಮೇಲೆ ನಿಜವಾಗಿ ಅಷ್ಟು ಪ್ರೀತಿಯಿತ್ತೇ? 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸುವ ಕಾನೂನು ಬಂತು. ಅದು ಒಕ್ಕೂಟದ ಕಾನೂನು. ಉತ್ತರದ ರಾಜ್ಯಗಳೊಳಗೆ ಹೊಕ್ಕು ಮನುಷ್ಯರನ್ನು ಹಿಡಿದು ತರುವಾಗ ಒಕ್ಕೂಟದ ಕೈ ಉದ್ದವಾಗಿರಬೇಕು ಅಂತ ಕೇಳಿದವರು ಇದೇ ಒಡೆಯರು. ಆಗ ರಾಜ್ಯದ ಹಕ್ಕಿನ ಹೆಸರಲ್ಲಿ ತಿರುಗಿ ನಿಂತದ್ದು ಗುಲಾಮಗಿರಿಯಿಲ್ಲದ ವಿಸ್ಕಾನ್ಸಿನ್. ಕೇಂದ್ರ ದೊಡ್ಡದೋ ರಾಜ್ಯ ದೊಡ್ಡದೋ ಅನ್ನುವುದು ಪಂಡಿತರ ಜಗಳ. ಕೈ ಯಾರ ಕುತ್ತಿಗೆ ಮೇಲಿದೆ ಅನ್ನುವುದು ನಮ್ಮ ಪ್ರಶ್ನೆ.

1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. ಗುಲಾಮಗಿರಿ ಹೋಯಿತು. ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆ ನಿರಾಕರಿಸುವಂತಿಲ್ಲ ಅಂತ 1868ರಲ್ಲಿ ಹದಿನಾಲ್ಕನೇ ತಿದ್ದುಪಡಿ ಬಂತು. 1875ರಲ್ಲಿ ಇನ್ನೊಂದು ಕಾನೂನು: ಛತ್ರ, ರೈಲು, ನಾಟಕಶಾಲೆ ಎಲ್ಲ ಬಣ್ಣದವರಿಗೂ ಒಂದೇ. ಅದರ ಆಯುಸ್ಸು ಎಂಟು ವರ್ಷ. ತಿದ್ದುಪಡಿ ಕಟ್ಟಿಹಾಕಿರುವುದು ರಾಜ್ಯವನ್ನು, ಛತ್ರದ ಯಜಮಾನನನ್ನಲ್ಲ. ಅವನ ತಂಟೆಗೆ ಹೋಗಲು ಒಕ್ಕೂಟಕ್ಕೆ ಅಧಿಕಾರವಿಲ್ಲ ಅಂತ 1883ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಜನ ಹಾಗೆಂದರು. ಒಪ್ಪದೆ ಬೇರೆ ಬರೆದವರು ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ. ದಕ್ಷಿಣದಲ್ಲಿ ಕಾವಲಿದ್ದ ಒಕ್ಕೂಟದ ಸೈನ್ಯ 1877ರಲ್ಲೇ ಬ್ಯಾರಕ್ಕಿಗೆ ವಾಪಸಾಗಿತ್ತು.

ಆಮೇಲೆ ಕಪ್ಪು ಜನರನ್ನು ಮರಕ್ಕೆ ನೇತುಹಾಕಿದರು. ಕೊಲೆ ರಾಜ್ಯದ ವಿಷಯ ಅಂತ ವಾಷಿಂಗ್ಟನ್ ಕೈ ಕಟ್ಟಿ ಕೂತಿತು. ಗುಂಪುಕೊಲೆ ತಡೆಯುವ ಮಸೂದೆಯನ್ನು 1922ರಲ್ಲಿ ಕೆಳಮನೆ ಒಪ್ಪಿತು. ದಕ್ಷಿಣದ ಸೆನೆಟರುಗಳು ಮೇಲ್ಮನೆಯಲ್ಲಿ ಅದನ್ನು ಮುಗಿಸಿದರು. 1955ರಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಹುಡುಗನನ್ನು ಕೊಂದರು. ಬರೀ ಬಿಳಿಯ ಗಂಡಸರೇ ಇದ್ದ ಜ್ಯೂರಿ ಕೊಂದವರನ್ನು ಬಿಟ್ಟುಬಿಟ್ಟಿತು. ಮರುವರ್ಷ ಅವರು ಪತ್ರಿಕೆಯೊಂದರಿಂದ ದುಡ್ಡು ಇಸ್ಕೊಂಡು, ಕೊಂದದ್ದು ನಾವೇ ಅಂತ ಹೇಳಿದರು. ಆ ಹುಡುಗನ ಹೆಸರಿನಲ್ಲಿ ಗುಂಪುಕೊಲೆಯ ವಿರುದ್ಧ ಒಕ್ಕೂಟದ ಕಾನೂನು ಬಂದದ್ದು 2022ರಲ್ಲಿ. ಮೊದಲ ಮಸೂದೆಯಿಂದ ನೂರಕ್ಕೂ ಹೆಚ್ಚು ವರ್ಷ.

ಹಾಗಂತ ಆ ಸರ್ಕಾರಕ್ಕೆ ಶಕ್ತಿಯೇ ಇರಲಿಲ್ಲವೇ? ಇತ್ತು. 1957ರಲ್ಲಿ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನಲ್ಲಿ ಒಂಬತ್ತು ಕಪ್ಪು ಮಕ್ಕಳು ಬಿಳಿಯರ ಹೈಸ್ಕೂಲಿಗೆ ಹೊರಟರು. ರಾಜ್ಯಪಾಲ ಫಾಬಸ್ ರಾಜ್ಯದ ಪಡೆ ನಿಲ್ಲಿಸಿ ಮಕ್ಕಳನ್ನು ತಡೆದ. ಅಧ್ಯಕ್ಷ ಐಸೆನ್‌ಹೋವರ್ ಆ ಪಡೆಯನ್ನೇ ತನ್ನ ಕೈಗೆ ತೆಗೆದುಕೊಂಡು, ಸೈನ್ಯದ 101ನೇ ಏರ್‌ಬೋರ್ನ್ ಡಿವಿಷನ್ನಿನ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದ. ಬಂದೂಕಿನ ನೆರಳಲ್ಲಿ ಮಕ್ಕಳು ಒಳಗೆ ಹೋದರು. ಮರುವರ್ಷ ಆ ಊರಿನ ಹೈಸ್ಕೂಲುಗಳನ್ನೇ ಮುಚ್ಚಿಸಿಬಿಟ್ಟರು. ಸೈನ್ಯ ಬಾಗಿಲು ತೆಗೆಸಬಲ್ಲದು. ಬಾಗಿಲಿನವನ ಮನಸ್ಸು ತೆಗೆಸುವುದು ಅದರ ಕೈಲಾಗದು.

ಇನ್ನು ಹೋಟೆಲಿನ ಮಾತು. 1960ರ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ಕು ಜನ ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕೂತರು. ಕೊಡಲ್ಲ ಅಂದರೂ ಏಳಲಿಲ್ಲ. ಮಾರನೆಯ ದಿನ ಇನ್ನಷ್ಟು ಜನ ಬಂದು ಕೂತರು. ಊರಿಂದೂರಿಗೆ ಇದು ಹಬ್ಬಿತು. ಈ ಒತ್ತಡದಲ್ಲೇ 1964ರ ನಾಗರಿಕ ಹಕ್ಕುಗಳ ಕಾನೂನು ಬಂದದ್ದು. ಆದರೆ 1883ರ ತೀರ್ಪು ಇನ್ನೂ ಎದುರಿಗೆ ನಿಂತಿತ್ತಲ್ಲ? ಆದ್ದರಿಂದ ಸರ್ಕಾರ ಬೇರೆ ಬಾಗಿಲು ಹುಡುಕಿತು: ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ.

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲೀಸ್ ಬಾರ್ಬೆಕ್ಯೂ ಅಂತ ಒಂದು ಹೋಟೆಲು. ಕೆಲಸದವರು 36 ಜನ. ಮೂರರಲ್ಲಿ ಎರಡು ಪಾಲು ಕಪ್ಪು ಜನ. ದುಡಿಯುವುದಕ್ಕೆ ಅವರು ಒಳಗೆ ಬರಬಹುದು, ಕೂತು ಉಣ್ಣುವಂತಿಲ್ಲ. ಮಾಲೀಕರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 1964ರ ಡಿಸೆಂಬರಿನಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಕಾರಣ ಏನು? ವರ್ಷಕ್ಕೆ ಸುಮಾರು 1,50,000 ಡಾಲರಿನ ಆಹಾರ ಕೊಳ್ಳುವ ಈ ಹೋಟೆಲಿನಲ್ಲಿ 69,683 ಡಾಲರಿನ ಮಾಂಸ ಹೊರರಾಜ್ಯದಿಂದ ಬಂದದ್ದು. ಗಡಿ ದಾಟಿ ಬಂದ ಮಾಂಸಕ್ಕೂ ಒಕ್ಕೂಟಕ್ಕೂ ಸಂಬಂಧವುಂಟು. ಆ ಮಾಂಸದ ಹಿಂದೆ ಒಕ್ಕೂಟದ ಕಾನೂನು ಹೋಟೆಲಿನೊಳಗೆ ಬಂತು. ಮನುಷ್ಯನ ಘನತೆಗೆ ತೆರೆಯದ ಬಾಗಿಲು ಮಾಂಸದ ಲೆಕ್ಕಕ್ಕೆ ತೆರೆಯಿತು. ಗೆದ್ದದ್ದು ದಿಟ. ಆದರೂ ಈ ಗೆಲುವನ್ನು ಓದುವಾಗ ನಮ್ಮ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ.

ಇಲ್ಲೇ ಬಾಬಾಸಾಹೇಬರು ನೆನಪಾಗುತ್ತಾರೆ. 1913ರಿಂದ 1916ರವರೆಗೆ ಅವರು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದರು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ, ಅಮೆರಿಕದ ಕೋರ್ಟು ಕೊಂದುಹಾಕಿದ್ದ 1875ರ ಕಾನೂನಿನಿಂದಲೇ ಎರವಲು ತಂದರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಹೆಸರು ಹಿಡಿದು ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ಕಿತ್ತುಹಾಕುತ್ತದೆ. ನಮ್ಮ ಕಾನೂನಿಗೆ ಮಾಂಸದ ಲಾರಿ ಹತ್ತಿ ಬರುವ ಗತಿಯಿಲ್ಲ. ಅದು ಮುಂಬಾಗಿಲಿಂದಲೇ ಬಂದಿದೆ.

ಆದರೆ ಬಾಗಿಲಲ್ಲಿ ನಿಂತಿರುವವರು ಯಾರು? ದೌರ್ಜನ್ಯ ತಡೆ ಕಾಯ್ದೆಯನ್ನು 1989ರಲ್ಲಿ ದೆಹಲಿಯ ಪಾರ್ಲಿಮೆಂಟು ಮಾಡಿತು. ದೂರು ಬರೆದುಕೊಳ್ಳಬೇಕಾದವನು ಹೋಬಳಿಯ ಠಾಣೆಯವನು. 2000ರಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. ಮಿಸಿಸಿಪಿ ನಮಗೆ ಅಷ್ಟೇನೂ ದೂರವಿಲ್ಲ.

ಬಂದ ಕಾನೂನು ಉಳಿದೇ ಉಳಿಯುತ್ತದೆ ಅಂತಲೂ ಇಲ್ಲ. ಕಪ್ಪು ಜನರ ಓಟಿಗೆ ಅಡ್ಡ ಹಾಕಿದ್ದ ರಾಜ್ಯಗಳು ಚುನಾವಣೆಯ ನಿಯಮ ಬದಲಿಸಬೇಕಾದರೆ ಮೊದಲು ಒಕ್ಕೂಟದ ಒಪ್ಪಿಗೆ ಪಡೆಯಬೇಕು ಅಂತ 1965ರ ಕಾನೂನು ಹೇಳಿತ್ತು. ಯಾವ ರಾಜ್ಯಗಳು ಅನ್ನುವ ಲೆಕ್ಕದ ಕಲಮನ್ನು 2013ರಲ್ಲಿ ಐದು–ನಾಲ್ಕರ ತೀರ್ಪು ಹೊಡೆದುಹಾಕಿತು. ಐವತ್ತು ವರ್ಷವೂ ತುಂಬಿರಲಿಲ್ಲ.

ಗೆಳೆಯರೇ, ಶಾಲೆಯಲ್ಲಿ ಅಮೆರಿಕದ ಒಕ್ಕೂಟ ಪದ್ಧತಿ ಪಾಠ ಮಾಡುವ ಮೇಷ್ಟ್ರುಗಳು ಅಧಿಕಾರಗಳ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿಸಬೇಡಿ. ಆ ಪಟ್ಟಿಯಲ್ಲಿ ವ್ಯಾಪಾರ ಅನ್ನುವ ಒಂದು ಪದ ನೂರಾ ಎಪ್ಪತ್ತೇಳು ವರ್ಷ ಹಾಗೇ ಇತ್ತು. ಅದರಿಂದ ಹೋಟೆಲಿನ ಬಾಗಿಲು ತೆಗೆಯಬಹುದು ಅಂತ ಸರ್ಕಾರಕ್ಕೆ ಹೊಳೆದದ್ದು, ಕೊಡಲ್ಲ ಅಂದರೂ ಏಳದೆ ಕೂತ ಹುಡುಗರಿಂದ. ಅದನ್ನೂ ಮಕ್ಕಳಿಗೆ ಹೇಳಿ.